ರವೆ, ಬೆಲ್ಲ, ನೊಣ: ಮಾನಸಗಂಗೋತ್ರಿಯ ಒಂದು ದೀರ್ಘ ಪ್ರಯೋಗ

ಕೆಲವು ವರ್ಷಗಳ ಹಿಂದೆ ಜೈವಿಕ ತಂತ್ರಜ್ಞಾನದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಲು ಒಂದು ಕಾಲೇಜಿಗೆ ಹೋಗಿದ್ದೆ. ಹಣ್ಣಿನ ನೊಣಗಳ ಓಡಾಟವನ್ನು ಬೆಳಕಿನ ಸಂವೇದಕದಿಂದ ಎಣಿಸುವ ಪುಟ್ಟ ಉಪಕರಣವೊಂದನ್ನು ನಾಲ್ವರು ವಿದ್ಯಾರ್ಥಿಗಳು ಸೊಗಸಾಗಿ ಕಟ್ಟಿದ್ದರು. ಭೌತವಿಜ್ಞಾನದವನಾದ ನನಗೆ ಸಂವೇದಕದ ಮೇಲೆಯೇ ಕಣ್ಣು. ಮೌಖಿಕ ಪರೀಕ್ಷೆ ಮುಗಿದ ಸಂಜೆಯೇ ನೊಣಗಳಿದ್ದ ಬಾಟಲಿಗಳನ್ನು ತೊಳೆದು ಬೋರಲು ಹಾಕಿದ್ದರು. ಪ್ರಾಜೆಕ್ಟ್ ಮುಗಿದ ಮೇಲೆ ನೊಣವೇಕೆ ಎಂಬುದು ಅವರ ಲೆಕ್ಕ. ಆದರೆ ಮೈಸೂರಿನಲ್ಲೇ, ಬಾಟಲಿ ತೊಳೆಯದೆ ಉಳಿಸಿಕೊಂಡದ್ದರಿಂದಲೇ ಸಾಧ್ಯವಾದ ಸಂಶೋಧನೆಯೊಂದು ನಡೆದಿದೆ.

ಹಣ್ಣಿನ ನೊಣದ ಚರಿತ್ರೆ ಬಹುಮಟ್ಟಿಗೆ ವಿದ್ಯಾರ್ಥಿಗಳ ಚರಿತ್ರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿಗಣ್ಣಿನ ನೊಣವನ್ನು ಗುರುತಿಸಿದರು. ಮರುವರ್ಷ ಅವರ ವಿದ್ಯಾರ್ಥಿ ಆಲ್‌ಫ್ರೆಡ್ ಸ್ಟರ್ಟೆವೆಂಟ್, ಇನ್ನೂ ಪದವಿ ತರಗತಿಯಲ್ಲಿದ್ದಾಗಲೇ, ಜೀನ್‌ಗಳು ವರ್ಣತಂತುವಿನ ಮೇಲೆ ಯಾವ ಕ್ರಮದಲ್ಲಿವೆ ಎಂಬ ಮೊದಲ ನಕ್ಷೆಯನ್ನು ಒಂದೇ ರಾತ್ರಿ ಕುಳಿತು ಸಿದ್ಧಪಡಿಸಿದ. ಅದು 1913ರಲ್ಲಿ ಪ್ರಕಟವಾಯಿತು. ಆ ರಾತ್ರಿ ಆತ ಮಾಡಬೇಕಿದ್ದ ಮನೆಗೆಲಸದ ಲೆಕ್ಕಗಳು ಹಾಗೇ ಉಳಿದವಂತೆ!

ಮೈಸೂರಿನಲ್ಲಿ ಈ ನೊಣದ ಅಧ್ಯಯನಕ್ಕೆ ನೆಲೆ ಒದಗಿಸಿದವರು ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನ ವಿಭಾಗದ ಪ್ರೊ. ಎಂ.ಆರ್. ರಾಜಶೇಖರಶೆಟ್ಟಿ. ಅವರ ಬಳಗದ ಜಿ. ಶ್ರೀರಾಮರೆಡ್ಡಿ ಮತ್ತು ಎನ್.ಬಿ. ಕೃಷ್ಣಮೂರ್ತಿ 1968ರಲ್ಲಿ ಒಂದು ನೊಣಕ್ಕೆ ಗುರುಗಳ ನೆನಪಿನಲ್ಲಿ ಡ್ರಾಸೊಫಿಲ ರಾಜಶೇಖರಿ ಎಂದು ಹೆಸರಿಟ್ಟರು. ಅದೇ ನೊಣವನ್ನು 1924ರಷ್ಟು ಹಿಂದೆಯೇ ಬಯಾರ್ಮಿಪಿಸ್ ಎಂದು ವರ್ಣಿಸಲಾಗಿತ್ತೆಂದು ಆಮೇಲೆ ತಿಳಿಯಿತು. ನಾಮಕರಣದ ನಿಯಮದಂತೆ ಹಳೆಯ ಹೆಸರೇ ಉಳಿಯಿತು. ವಿಜ್ಞಾನದಲ್ಲಿ ಗುರುಭಕ್ತಿಗೂ ಆದ್ಯತೆಯ ನಿಯಮ ಉಂಟು.

ನೊಣ ಸಾಕುವುದು ಮೊದಲಿಗೆ ಅಡುಗೆಯ ಪ್ರಶ್ನೆ. ಮೈಸೂರಿನ ಪ್ರಯೋಗಾಲಯದ ಆಹಾರ ಗೋಧಿ ರವೆ, ಬೆಲ್ಲ ಮತ್ತು ಅಗರ್. ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯೋನಿಕ್ ಆಮ್ಲ, ಮೇಲೆ ಯೀಸ್ಟ್. ನಮ್ಮ ಶಿರಾದ ದೂರದ ಬಂಧು ಎನ್ನಬಹುದು. ಯಾವ ಶಾಲೆಯಲ್ಲಾದರೂ ಇದನ್ನು ಬೇಯಿಸಬಹುದು. ಕಷ್ಟವಿರುವುದು ಉಷ್ಣತೆಯಲ್ಲಿ: ಸಂವರ್ಧನಗಳನ್ನು 22 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಇಡಬೇಕಿತ್ತು.

ಈಗ ಮುಖ್ಯ ಪ್ರಯೋಗಕ್ಕೆ ಬರೋಣ. ಡ್ರಾಸೊಫಿಲ ನಾಸುಟ ಮತ್ತು ಆಲ್ಬೊಮೈಕನ್ಸ್ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಬಗೆಯವು. ಪರಸ್ಪರ ಕೂಡಿದರೆ ಸಂತಾನವೂ ಉಂಟು. ಆದರೆ ಮೊದಲನೆಯದರ ಜೀವಕೋಶದಲ್ಲಿ 8 ವರ್ಣತಂತುಗಳು, ಎರಡನೆಯದರಲ್ಲಿ 6. ಆಲ್ಬೊಮೈಕನ್ಸ್‌ನಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳಾದ ಎಕ್ಸ್ ಮತ್ತು ವೈಗಳಿಗೆ ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಕೊಡಗಿನ ನಾಸುಟವನ್ನೂ, ಜಪಾನಿನ ಒಕಿನಾವ ಮೂಲದ, ಅಮೆರಿಕದ ಟೆಕ್ಸಾಸ್ ಸಂಗ್ರಹದಿಂದ ಬಂದ ಆಲ್ಬೊಮೈಕನ್ಸ್ ಅನ್ನೂ ಮಾನಸಗಂಗೋತ್ರಿಯ ಬಾಟಲಿಯಲ್ಲಿ ಸಂಕರಿಸಿದರು. ನಿಸರ್ಗದಲ್ಲಿ ಈ ಎರಡು ಮನೆತನಗಳು ಭೇಟಿಯಾಗುವಂತಿರಲಿಲ್ಲ.

ತಂದೆ ನಾಸುಟ, ತಾಯಿ ಆಲ್ಬೊಮೈಕನ್ಸ್ ಎಂದುಕೊಳ್ಳಿ. ತಂದೆಯಿಂದ 4, ತಾಯಿಯಿಂದ 3, ಒಟ್ಟು 7. ಇದು ಮೊದಲ ಪೀಳಿಗೆ. ವಿದ್ಯಾರ್ಥಿ ಇಲ್ಲಿಗೇ ನಿಲ್ಲಿಸಿದರೆ ಒಂದು ಸೆಮಿಸ್ಟರಿಗೆ ಚೊಕ್ಕವಾದ ಪ್ರಾಜೆಕ್ಟ್. ಅವರು ನಿಲ್ಲಿಸಲಿಲ್ಲ. ಮುಂದಿನ ಪೀಳಿಗೆಗಳಲ್ಲಿ 6, 7, 8 ಎಂದು ಸಂಖ್ಯೆ ಕಲಸುಮೇಲೋಗರವಾಗುತ್ತದೆ. ಪೀಳಿಗೆಯ ಮೇಲೆ ಪೀಳಿಗೆ ಕಳೆದಂತೆ ಗೊಂದಲ ಇಳಿದು, ಹೆಣ್ಣುಗಳೆಲ್ಲ 6, ಗಂಡುಗಳೆಲ್ಲ 7 ಎಂಬ ಹೊಸ ವ್ಯವಸ್ಥೆ ನೆಲೆನಿಂತಿತು. ಲೆಕ್ಕ ಸರಳ: ಬೆಸೆದ ಎಕ್ಸ್ ಉಳಿಯಿತು, ನಾಸುಟದ ಬಿಡಿ ಎಕ್ಸ್ ಮರೆಯಾಯಿತು. ವೈ ಮಾತ್ರ ತಂದೆಯಿಂದ ಮಗನಿಗಷ್ಟೇ ಹೋಗುವುದರಿಂದ ಪ್ರತಿ ಗಂಡಿನಲ್ಲಿಯೂ ಕೊಡಗಿನ ಆ ಮೊದಲ ತಂದೆಯ ವೈ, ಅದರ ಜೊತೆ ಒಂದು ಬಿಡಿ ಮೂರನೆಯ ವರ್ಣತಂತು ಉಳಿದುಕೊಂಡವು. ತಾಯಿ ತಂದೆ ಇಬ್ಬರಲ್ಲೂ ಇಲ್ಲದ ಈ ಜೋಡಣೆಗೆ ಸೈಟೊರೇಸ್ 1 ಎಂದು ಹೆಸರು. ಇಂಥ ಮರುಜೋಡಣೆಯ ವರದಿ 1986ರಲ್ಲಿ ಕ್ರೋಮೊಸೋಮ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದನ್ನು ನೋಡಿದ್ದು ಮರಿಹುಳುವಿನ ನರಕೋಶಗಳನ್ನು ಬಣ್ಣಹಾಕಿ ಸೂಕ್ಷ್ಮದರ್ಶಕದಡಿ ಎಣಿಸುವುದರಿಂದ. ಇದರಲ್ಲಿ ದುಬಾರಿ ಯಂತ್ರವಿಲ್ಲ. ಕೈಚಳಕ, ತಾಳ್ಮೆ ಬೇಕು. ಮೊದಲ ನಾಲ್ಕು ಸೈಟೊರೇಸ್‌ಗಳನ್ನು ತಮ್ಮತಮ್ಮಲ್ಲಿ ಮತ್ತು ಮೂಲ ನೊಣಗಳೊಂದಿಗೆ ಕೂಡಿಸಿ ಮತ್ತೆ 12ನ್ನು ಪಡೆಯಲಾಯಿತು, ಒಟ್ಟು 16. ಇವನ್ನು ಹೊಸ ಪ್ರಭೇದಗಳೆಂದು ಕರೆಯುವ ಉತ್ಸಾಹ ಕೆಲವರಲ್ಲಿದೆ. ನಾನು ಆ ಪದ ಬಳಸಲು ಹಿಂಜರಿಯುತ್ತೇನೆ. ಬಾಟಲಿಯೊಳಗೆ ನೆಲೆನಿಂತದ್ದು ಕಾಡಿನಲ್ಲಿ ಬಾಳೀತೆಂದು ಹೇಳಲಾಗದು. ಆದರೆ ಸಂಕರಣದಿಂದ ವರ್ಣತಂತುಗಳ ಹೊಸ ವ್ಯವಸ್ಥೆಯೊಂದು ಮೂಡಿ ಸ್ಥಿರವಾಗಬಲ್ಲದು ಎಂಬುದನ್ನು ಮೈಸೂರಿನ ಬಾಟಲಿಗಳು ಕಣ್ಣೆದುರೇ ತೋರಿಸಿದವು. ಲಿಂಗ ವರ್ಣತಂತು ಹೊಸದಾಗಿ ರೂಪುಗೊಳ್ಳುವ ಬಗೆಯನ್ನು ತಿಳಿಯಲು 2012ರಲ್ಲಿ ಇದೇ ಆಲ್ಬೊಮೈಕನ್ಸ್‌ನ ಜೀನೋಮ್ ಅನುಕ್ರಮದ ಕರಡನ್ನು ಪ್ರಕಟಿಸಲಾಯಿತು.

ನಮ್ಮ ಲೋಲಕ ಕಳೆದುಹೋದರೆ ಇನ್ನೊಂದು ತೂಗುಹಾಕಬಹುದು, ಆವರ್ತಕಾಲ ಅದೇ ಬರುತ್ತದೆ. ಸೈಟೊರೇಸ್‌ನ ಬಾಟಲಿ ಹಾಗಲ್ಲ. ಅದರೊಳಗೆ ನೂರಾರು ಪೀಳಿಗೆಗಳ ಇತಿಹಾಸವಿರುತ್ತದೆ. ಒಮ್ಮೆ ಅಳಿದರೆ ಅದೇ ಸಂಕರಣವನ್ನು ಮತ್ತೆ ಮಾಡಿದರೂ ಅದೇ ಹಾದಿ ಹಿಡಿದೀತೆಂಬ ಖಾತರಿಯಿಲ್ಲ. ಒಬ್ಬ ವಿದ್ಯಾರ್ಥಿಯ ಪಿಎಚ್.ಡಿ. ಮುಗಿಯುವಾಗ ನೊಣಗಳು ಇನ್ನೂ ನಡುದಾರಿಯಲ್ಲಿ! ಹಾಗಾಗಿ ಹೊರಡುವವರು ಬರುವವರಿಗೆ ಬಾಟಲಿಗಳನ್ನು ಒಪ್ಪಿಸಬೇಕು. ಯಾರ ಪ್ರಬಂಧದಲ್ಲೂ ಅಧ್ಯಾಯವಾಗದ ಈ ಕೆಲಸ ಹಬ್ಬ, ರಜೆ, ಪರೀಕ್ಷೆ ಎನ್ನದೆ ನಡೆಯಬೇಕು: ಹೊಸ ಆಹಾರ ಬೇಯಿಸುವುದು, ನೊಣಗಳನ್ನು ಹೊಸ ಬಾಟಲಿಗೆ ತಟ್ಟುವುದು, ಹತ್ತಿಯ ಬಿರಡೆ ಹಾಕುವುದು, ಮೇಲೆ ತಾರೀಖು ಬರೆದಿಡುವುದು.