ನೇಪಲ್ಸ್‌ಗೆ ಹೋದ ನಮ್ಮ ಕರಾವಳಿಯ ಪತ್ರಗಳು

ಕುಂದಲಹಳ್ಳಿ ಗೇಟಿನ ದರ್ಶಿನಿಯೊಂದರಲ್ಲಿ ಕಾಫಿ ಕುಡಿಯುತ್ತಿದ್ದಾಗ, ಹತ್ತಿರದ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳೆಯ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ನೀಲಿ ಕಡಲು, ಬಿಳಿಯ ನೌಕೆ, ಹಿಂದೆ ಬೆಟ್ಟದ ಇಳಿಜಾರಿನ ತುಂಬ ಮನೆಗಳು. ಇಟಲಿಯ ಕರಾವಳಿಯಲ್ಲಿ ಒಂದು ವಾರ ಯಾಟ್ ಬಾಡಿಗೆಗೆ ಹಿಡಿದು, ದ್ವೀಪದಿಂದ ದ್ವೀಪಕ್ಕೆ ಸುತ್ತುವ ವಿಹಾರದ ಜಾಹೀರಾತು ಅದು. 'ಎಂಟು ಜನ ಸೇರಿದ್ರೆ ಹಂಚ್ಕೋಬಹುದು ಕಣೋ, ನೀನೂ ಬಾ' ಎಂದ. ಬಾಡಿಗೆಯ ಅಂಕಿ ನೋಡಿದ ನಾನು ಕಾಫಿಯ ಬಿಲ್ ಮಾತ್ರ ಕೊಟ್ಟೆ.

ಈ ವಿಹಾರದ ಕ್ರಮ ಸರಳ. ಶನಿವಾರ ನೇಪಲ್ಸ್‌ನಲ್ಲಿ ನೌಕೆ ಹತ್ತುವುದು. ಪ್ರೊಚಿದಾ, ಇಸ್ಕಿಯಾ, ಕಾಪ್ರಿ ದ್ವೀಪಗಳನ್ನೂ ಅಮಾಲ್ಫಿ ತೀರವನ್ನೂ ನೋಡಿಕೊಂಡು ಮುಂದಿನ ಶನಿವಾರ ಮರಳುವುದು. ಐಷಾರಾಮಿ ನೌಕೆಯಾದರೆ ಕ್ಯಾಪ್ಟನ್, ಅಡುಗೆಯವರು ಎಲ್ಲರೂ ಜೊತೆಗಿರುತ್ತಾರೆ. ಡೀಸೆಲ್, ಊಟ, ಬಂದರಿನ ಶುಲ್ಕಕ್ಕೆ ಬೇರೆಯೇ ಮುಂಗಡ ಕಟ್ಟಬೇಕು. ಯಾಟ್ ಎಂಬುದು ಮೂಲತಃ ಡಚ್ಚರ ಪದ. ಅದರ ಅರ್ಥ ಬೇಟೆ. ಬೆನ್ನಟ್ಟಿ ಹೋಗುವ ವೇಗದ ಹಡಗುಗಳಿಗೆ ಈ ಹೆಸರಿತ್ತು. 1660ರಲ್ಲಿ ಆಮ್‌ಸ್ಟರ್‌ಡ್ಯಾಂ ನಗರವು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ 'ಮೇರಿ' ಎಂಬ ಯಾಟನ್ನು ಉಡುಗೊರೆ ಕೊಟ್ಟ ಮೇಲೆ ಅದು ಶ್ರೀಮಂತರ ವಿನೋದದ ವಾಹನವಾಯಿತು.

ಆದರೆ ಅದಕ್ಕೂ ಸುಮಾರು ನಾಲ್ಕು ದಶಕ ಮೊದಲೇ ಇಟಲಿಯವನೊಬ್ಬ ಊರು ನೋಡುವ ಆಸೆಯಿಂದ ನಮ್ಮ ಕರಾವಳಿಯುದ್ದಕ್ಕೂ ಸಂಚರಿಸಿದ್ದ ಎಂಬುದು ಎಷ್ಟು ಜನರಿಗೆ ಗೊತ್ತು?

ಆತ ಪಿಯೆತ್ರೊ ದೆಲ್ಲಾ ವಾಲೆ. 1586ರಲ್ಲಿ ರೋಮ್‌ನ ಸಿರಿವಂತ ಮನೆತನದಲ್ಲಿ ಹುಟ್ಟಿದವ. ಪ್ರೇಮದಲ್ಲಿ ಸೋತು ಕಂಗೆಟ್ಟಿದ್ದ ಅವನಿಗೆ ಪೂರ್ವದೇಶಗಳ ಯಾತ್ರೆ ಮಾಡುವಂತೆ ಸೂಚಿಸಿದವನು ನೇಪಲ್ಸ್‌ನ ವೈದ್ಯ, ಗೆಳೆಯ ಮಾರಿಯೊ ಸ್ಕಿಪಾನೊ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ ದೆಲ್ಲಾ ವಾಲೆ ತುರ್ಕಿ, ಈಜಿಪ್ಟ್, ಜೆರುಸಲೇಮ್ ಸುತ್ತಿ ಬಾಗ್ದಾದಿಗೆ ಬಂದು, ಅಲ್ಲಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. 1621ರ ಕೊನೆಯಲ್ಲಿ ಆಕೆ ಪರ್ಷಿಯಾದಲ್ಲಿ ತೀರಿಕೊಂಡಳು. ಹೆಂಡತಿಯನ್ನು ಪರದೇಶದ ಮಣ್ಣಿಗೆ ಒಪ್ಪಿಸಲು ಮನಸ್ಸಾಗದೆ, ಕೆಡದಂತೆ ಸಂಸ್ಕರಿಸಿದ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಆತ ಭಾರತಕ್ಕೆ ಬಂದ. 1623ರ ಫೆಬ್ರುವರಿಯಲ್ಲಿ ಸೂರತ್, ಏಪ್ರಿಲ್‌ನಲ್ಲಿ ಗೋವೆ ಸೇರಿದ.

ಇಟಲಿಯಲ್ಲಿ ವಿಹಾರನೌಕೆಗಳ ಸುಗ್ಗಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಪಡುವಣ ಕಡಲು ಮುಂಗಾರಿನಿಂದ ಉಕ್ಕೇರಿ, ಹಾಯಿಹಡಗುಗಳ ದಾರಿ ಮುಚ್ಚುತ್ತಿತ್ತು. ದೆಲ್ಲಾ ವಾಲೆ ಗೋವೆಯಲ್ಲೇ ಮಳೆಗಾಲ ಕಳೆದ. ಅಕ್ಟೋಬರ್‌ನಲ್ಲಿ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದಾಗ ಈತನೂ ಜೊತೆಗೂಡಿದ. ರಾಜಕಾರಣದ ಹೊಣೆ ಆತನಿಗಿರಲಿಲ್ಲ. ಇದ್ದದ್ದು ಕುತೂಹಲ ಮಾತ್ರ.

ಹೊನ್ನಾವರದವರೆಗೆ ಕಡಲು, ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆಯುತ್ತಿದ್ದ ರಾಣಿ ಆಳಿದ ಆ ಪಟ್ಟಣ ಆಗಲೇ ಹಾಳುಬಿದ್ದಿತ್ತು. ಘಟ್ಟದ ಹಾದಿಯ ದೇಗುಲದ ಜಗಲಿಯಲ್ಲಿ ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಆತ ನಿಂತ. ನೆಲ ತುಂಬಿದರೆ ಮತ್ತೆ ಮರಳು ಹರಡಿ ಬರೆಯುತ್ತಿದ್ದರು. ಗುರುವಿಲ್ಲದೆ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಕಾಗದ, ಶಾಯಿಯ ಖರ್ಚಿಲ್ಲದ ಈ ಕಲಿಕೆ ಆತನಿಗೆ ತುಂಬ ಹಿಡಿಸಿತು.

ಇಕ್ಕೇರಿಯಲ್ಲಿ ನಾಯಕನ ದರ್ಶನವಾಯಿತು. ಅಲ್ಲೇ, ಸತ್ತ ಗಂಡನ ಹಿಂದೆ ಬೆಂಕಿಗೆ ಬೀಳಲು ನಿಶ್ಚಯಿಸಿದ್ದ ಹೆಂಗಸೊಬ್ಬಳ ಮನೆಗೆ ಹೋಗಿ ಮಾತನಾಡಿಸಿ, ಬೇಡವೆಂದು ತಡೆಯಲು ಯತ್ನಿಸಿದ. ಆಕೆ ಒಪ್ಪಲಿಲ್ಲ. ತೀರಿಹೋದ ಹೆಂಡತಿಯನ್ನು ಬಿಡಲಾರದವನು ತೀರಿಹೋದ ಗಂಡನನ್ನು ಬಿಡಲಾರದವಳ ಎದುರು ಕೂತ ಆ ಗಳಿಗೆ ಹೇಗಿದ್ದೀತು!

ಆಮೇಲೆ ಬಸ್ರೂರು, ಮಂಗಳೂರು, ಉಳ್ಳಾಲ. ಪೋರ್ಚುಗೀಸರನ್ನು ಎದುರು ಹಾಕಿಕೊಂಡ ಉಳ್ಳಾಲದ ರಾಣಿಯನ್ನು ಕಾಣಬೇಕೆಂಬುದು ಆತನ ಹಂಬಲ. ರಾಣಿ ಒಳನಾಡಿನ ಮನೇಲ್‌ನಲ್ಲಿದ್ದಳು. ಡಿಸೆಂಬರ್‌ನಲ್ಲಿ ಅಲ್ಲಿಗೇ ಹೋದ. ಕಂಡದ್ದು ಸಿಂಹಾಸನವನ್ನಲ್ಲ. ಸಾದಾ ಹತ್ತಿಬಟ್ಟೆಯುಟ್ಟು, ಬರಿಗಾಲಲ್ಲಿ, ಹೊಲಕ್ಕೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ನಡೆದೇ ಹೊರಟಿದ್ದ ನಡುವಯಸ್ಸಿನ ಹೆಂಗಸನ್ನು. ನೋಟಕ್ಕೆ ಅಡುಗೆಯವಳಂತಿದ್ದರೂ ಬಾಯಿ ತೆರೆದರೆ ದನಿಯಲ್ಲೂ ಮಾತಿನಲ್ಲೂ ರಾಣಿಯೇ ಎಂದು ಆತ ಮೆಚ್ಚಿ ಬರೆದ. ಯಾವ ದೇಶ, ಯಾತಕ್ಕೆ ಈ ಅಲೆದಾಟ ಎಂದು ಆಕೆ ದಾರಿಯಲ್ಲೇ ನಿಂತು ವಿಚಾರಿಸಿದಳು.

ಉಳ್ಳಾಲವನ್ನು ಒಬ್ಬಳಿಗಿಂತ ಹೆಚ್ಚು ಅಬ್ಬಕ್ಕರು ಆಳಿದರೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಈತ ಕಂಡದ್ದು ಆ ಸಾಲಿನ ಒಬ್ಬಳನ್ನು. ಯುದ್ಧದ ಅಬ್ಬಕ್ಕನನ್ನು ಜನಪದ ಕಾಪಾಡಿಕೊಂಡು ಬಂದಿದೆ. 2012ರಲ್ಲಿ ಕರಾವಳಿ ಕಾವಲು ಪಡೆಯ ನೌಕೆಯೊಂದಕ್ಕೂ ರಾಣಿ ಅಬ್ಬಕ್ಕ ಎಂಬ ಹೆಸರು ಬಂತು. ಆದರೆ ಕಾಲುವೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆದ ರಾಣಿ ನಮಗೆ ಉಳಿದಿರುವುದು ಈ ಪ್ರವಾಸಿಯ ಪತ್ರದಲ್ಲಿ.

ಇಲ್ಲೊಂದು ಮಾತು ಗಮನಿಸಬೇಕು. ವಿಜಯನಗರಕ್ಕೆ ಬಂದ ನಿಕೊಲೊ ಕಾಂಟಿ ವ್ಯಾಪಾರಿ. ನ್ಯೂನಿಜ್ ಕುದುರೆ ವ್ಯಾಪಾರಿ. ಸಂಪತ್ತು, ಸೈನ್ಯ, ಪೇಟೆಯ ಚಿತ್ರವನ್ನು ಅಂಥವರು ಚೆನ್ನಾಗಿಯೇ ಕೊಟ್ಟಿದ್ದಾರೆ. ಮರಳಿನ ಮೇಲಿನ ಮಗ್ಗಿ, ರಾಣಿಯ ಬರಿಗಾಲು ಕಣ್ಣಿಗೆ ಬೀಳಲು ಬಿಡುವು ಬೇಕು. ದೆಲ್ಲಾ ವಾಲೆಯ ಬಳಿ ಅದಿತ್ತು. ಹಣವಂತನ ಬಿಡುವು ಅದು, ನಿಜ. ಆದರೆ ಅದನ್ನು ಆತ ನೋಡುವುದಕ್ಕೆ ಖರ್ಚು ಮಾಡಿದ.

1626ರಲ್ಲಿ ರೋಮ್‌ಗೆ ಮರಳಿದ ಆತ, ಮರುವರ್ಷ ಮಾನಿಯನ್ನು ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದ. ಆತ ತೀರಿಕೊಂಡದ್ದು 1652ರಲ್ಲಿ. ಭಾರತದ ಪತ್ರಗಳು ಅಚ್ಚಾದದ್ದು 1663ರಲ್ಲಿ. ಅವೆಲ್ಲ ಸ್ಕಿಪಾನೊಗೆ ಬರೆದವು. ಅಂದರೆ ಹೊನ್ನಾವರ, ಇಕ್ಕೇರಿ, ಉಳ್ಳಾಲದ ಸುದ್ದಿ ಹೋಗಿ ಮುಟ್ಟಿದ್ದು, ಇಂದು ಯಾಟುಗಳು ಹೊರಡುವ ಅದೇ ನೇಪಲ್ಸ್‌ಗೆ.

ಗೆಳೆಯ ಹಣ ಕೂಡಿಸುತ್ತಿದ್ದಾನೆ. ಹೋಗಿ ಬರಲಿ. ಕಾಪ್ರಿಯ ಬಂಡೆಗಳ ಫೋಟೊ ಎಲ್ಲರಲ್ಲೂ ಇದೆ. ಅಲ್ಲಿ ಬಲೆ ಹೆಣೆಯುವವರ ಜೊತೆ, ಅಡುಗೆಯವನ ಜೊತೆ ನಾಲ್ಕು ಮಾತಾಡಿ, ಕುಂದಲಹಳ್ಳಿಗೆ ಒಂದು ಕಾಗದ ಬರೆದರೆ ನಾನು ಕಾದು ಓದುತ್ತೇನೆ.