ಆನ್‌ಲೈನ್ ಕಲಿಕೆ: ಸ್ನಾತಕೋತ್ತರ ವಿದ್ಯಾರ್ಥಿಗಳು ಒಪ್ಪಿಕೊಳ್ಳುವುದು ಯಾವಾಗ?

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿ ಯರಗೇರಾ ಗ್ರಾಮವಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಇಲ್ಲಿನ ಕೃಷ್ಣತುಂಗಾ ಆವರಣದಲ್ಲಿ 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳು ಇದರ ವ್ಯಾಪ್ತಿಯಲ್ಲಿವೆ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಎಂ.ಎ., ಎಂ.ಕಾಂ. ಓದಲು ಬರುವವರು ಬಸ್ಸನ್ನೋ ಹಾಸ್ಟೆಲನ್ನೋ ನಂಬಬೇಕು. ಇಂಥವರಿಗೆ ಆನ್‌ಲೈನ್ ಕಲಿಕೆ ವರವಾಗಬೇಕಿತ್ತು. ಆದರೆ ಸೌಲಭ್ಯ ಇದ್ದಮಾತ್ರಕ್ಕೆ ವಿದ್ಯಾರ್ಥಿ ಅದನ್ನು ಒಪ್ಪಿಕೊಳ್ಳುವುದಿಲ್ಲ. ಏಕೆ?

ಸಂಶೋಧಕರು ಹೇಳುವುದೇನು?

ಹೊಸ ತಂತ್ರಜ್ಞಾನವನ್ನು ಜನ ಸ್ವೀಕರಿಸುವ ಬಗೆಯನ್ನು ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಪ್ರಶ್ನೆಗಳಲ್ಲಿ ವಿವರಿಸಿದರು: ಇದರಿಂದ ನನಗೆ ಉಪಯೋಗವಿದೆಯೇ? ಇದನ್ನು ಬಳಸುವುದು ಸುಲಭವೇ? 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಇದಕ್ಕೆ ಇನ್ನೆರಡು ಅಂಶಗಳನ್ನು ಸೇರಿಸಿದರು: ಸುತ್ತಲಿನವರ ಪ್ರಭಾವ ಮತ್ತು ಪೂರಕ ಸೌಲಭ್ಯ.

1. ಉಪಯೋಗ

ಸ್ನಾತಕೋತ್ತರ ವಿದ್ಯಾರ್ಥಿಯ ಮುಂದೆ ಪರೀಕ್ಷೆ, ನೆಟ್, ಉದ್ಯೋಗ ಇವೆ. ಅಂಕಕ್ಕೆ ಬಾರದ ಪಾಠಕ್ಕೆ ಆತ ಸಮಯ ಕೊಡುವುದು ಕಷ್ಟ. ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರ ಜುಲೈ 9ರಂದು ಆರಂಭವಾಯಿತು. ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಇದರ ಮೂಲಕ ಪಡೆಯಲು ಯುಜಿಸಿ 2021ರಲ್ಲಿ ಅವಕಾಶ ನೀಡಿತು. ಮೊದಲು ಈ ಮಿತಿ ಶೇ. 20 ಇತ್ತು. ಮಾನ್ಯತೆ ಪಡೆದ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು 2022ರಲ್ಲಿ ಸ್ಪಷ್ಟಪಡಿಸಿತು. ಆದರೆ ತನ್ನ ವಿಭಾಗ ಆ ಕ್ರೆಡಿಟ್ಟನ್ನು ಅಂಕಪಟ್ಟಿಗೆ ಸೇರಿಸುವುದೇ ಎಂಬುದು ಗೊತ್ತಾದರೆ ಮಾತ್ರ ವಿದ್ಯಾರ್ಥಿಗೆ ಧೈರ್ಯ ಬರುತ್ತದೆ.

2. ಸುಲಭತೆ

ಆ್ಯಪ್ ಬಳಸುವುದು ಇಂದಿನ ಯುವಜನರಿಗೆ ಕಷ್ಟವಲ್ಲ. ಕಷ್ಟವಿರುವುದು ಭಾಷೆಯಲ್ಲಿ. ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೇಗದ ಇಂಗ್ಲಿಷ್ ಉಪನ್ಯಾಸ ಅರ್ಥವಾಗುವುದಿಲ್ಲ. ತರಗತಿಯಲ್ಲಾದರೆ ಕೈ ಎತ್ತಿ ಕೇಳಬಹುದು. ವಿಡಿಯೋ ಮುಂದೆ ಯಾರನ್ನು ಕೇಳುವುದು?

3. ಸುತ್ತಲಿನವರು

ಗುರುಗಳು ಸ್ವತಃ ನೋಡಿ "ಈ ಪಾಠ ಚೆನ್ನಾಗಿದೆ, ನೋಡಿ" ಎಂದರೆ ವಿದ್ಯಾರ್ಥಿಗಳು ನೋಡುತ್ತಾರೆ. ಮನೆಯವರ ಮಾತೂ ಮುಖ್ಯ. ಮಗಳು ಮೊಬೈಲ್ ಹಿಡಿದು ಕುಳಿತರೆ ಓದುತ್ತಿದ್ದಾಳೆ ಎಂದು ನಂಬುವ ಮನೆಯೂ ಇದೆ, ನಂಬದ ಮನೆಯೂ ಇದೆ.

4. ಪೂರಕ ಸೌಲಭ್ಯ

ಸಿಗ್ನಲ್, ವಿದ್ಯುತ್, ಡೇಟಾ, ಓದಲು ಒಂದು ಮೂಲೆ: ಇವಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಒಂದೇ ಸ್ಮಾರ್ಟ್‌ಫೋನನ್ನು ಅಣ್ಣ ತಂಗಿ ಹಂಚಿಕೊಳ್ಳುವ ಮನೆಯಲ್ಲಿ ನೇರ ತರಗತಿಗಿಂತ, ಬಿಡುವಾದಾಗ ನೋಡಬಹುದಾದ ಪಾಠವೇ ಲೇಸು.

ಬಲವಂತ ಬೇರೆ, ಒಪ್ಪಿಗೆ ಬೇರೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಎಲ್ಲರೂ ಆನ್‌ಲೈನ್ ತರಗತಿಗೆ ಸೇರಬೇಕಾಯಿತು. ಬೇರೆ ದಾರಿ ಇರಲಿಲ್ಲ. ಕಾಲೇಜು ತೆರೆದ ಮೇಲೂ ಬಳಸಿದರೆ ಅದು ನಿಜವಾದ ಒಪ್ಪಿಗೆ. ಆದ್ದರಿಂದ ಹಾಜರಿ ಪಟ್ಟಿ ನೋಡಿ ವಿದ್ಯಾರ್ಥಿಗಳ ಮನಸ್ಸನ್ನು ಅಳೆಯಲಾಗದು.

ಏನು ಮಾಡಬಹುದು?

ಸೆಮಿಸ್ಟರ್ ಆರಂಭದಲ್ಲೇ ಯಾವ ಕೋರ್ಸಿಗೆ ಕ್ರೆಡಿಟ್ ಇದೆ ಎಂದು ತಿಳಿಸುವುದು, ವಾರಕ್ಕೊಮ್ಮೆ ಕನ್ನಡದಲ್ಲಿ ಸಂದೇಹ ಪರಿಹರಿಸುವುದು, ಗ್ರಂಥಾಲಯದಲ್ಲಿ ಪಾಠ ಡೌನ್‌ಲೋಡ್ ಮಾಡಿಕೊಳ್ಳಲು ವೈ-ಫೈ ಒದಗಿಸುವುದು: ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಹಳ್ಳಿಯ ವಿದ್ಯಾರ್ಥಿಗೆ ಆಸಕ್ತಿ ಇಲ್ಲ ಎಂದು ದೂರುವ ಮೊದಲು ಇವನ್ನು ಮಾಡಿ ನೋಡೋಣ.