ಜಂಟಿ ಜಮೀನಿನ ಕ್ರಯದ ಕರಾರು ಮತ್ತು ಅದರ ಉಲ್ಲಂಘನೆ: ಕಡೂರು, ತರೀಕೆರೆ, ಅಜ್ಜಂಪುರ

ಹಲವರ ಹಕ್ಕಿರುವ ಜಮೀನನ್ನು ಮಾರುವುದಾಗಿ ಬರೆದುಕೊಟ್ಟು, ಮುಂಗಡ ಪಡೆದು, ವಾಯಿದೆ ಕಳೆದರೂ ಕ್ರಯಪತ್ರ ಮಾಡಿಕೊಡದಿರುವುದು ಅಥವಾ ಕೊಳ್ಳುವವರು ಬಾಕಿ ಹಣ ಹೊಂದಿಸದಿರುವುದು ಕರಾರಿನ ಉಲ್ಲಂಘನೆ. ಕಡೂರಿನ ತೆಂಗಿನ ತೋಟ, ತರೀಕೆರೆಯ ಅಡಿಕೆ ತೋಟ, ಹಿಂದೆ ತರೀಕೆರೆಯ ಹೋಬಳಿಯಾಗಿದ್ದು ಈಗ ತಾಲ್ಲೂಕಾಗಿರುವ ಅಜ್ಜಂಪುರದ ಹೊಲ, ಎಲ್ಲೆಡೆಯೂ ಇಂಥ ತಕರಾರಿಗೆ ಆಸ್ಪದ ಕೊಡುವುದು ಪಾಲಾಗದ ಪಿತ್ರಾರ್ಜಿತ ಆಸ್ತಿ.

ಈ ಸೀಮೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಹಿಂದೂ ಕಾನೂನಿನ ಮಿತಾಕ್ಷರ ಪದ್ಧತಿಯಲ್ಲಿ ಕುಟುಂಬದ ಸಾಲ ತೀರಿಸಲು, ಮದುವೆ ಮಾಡಲು ಮನೆಯ ಯಜಮಾನ ಜಮೀನು ಮಾರಬಹುದಿತ್ತು. ಅವನೊಬ್ಬನ ರುಜು ಸಾಕೆಂಬ ರೂಢಿ ಬೆಳೆದದ್ದು ಅಲ್ಲಿಂದ. ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ, ವಿಭಾಗದ ವೇಳೆ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕದ ತಿದ್ದುಪಡಿ 1994ರಲ್ಲಿ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಹಪಾಲುದಾರರನ್ನಾಗಿಸಿದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಈ ಹಕ್ಕಿಗೆ ಆ ತಿದ್ದುಪಡಿಯ ವೇಳೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. ಹಕ್ಕುದಾರರು ಹೆಚ್ಚಿದರೂ ಪೌತಿ ಖಾತೆಯಾಗದೆ ಎಷ್ಟೋ ಪಹಣಿಗಳು ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದವು. ಕರಾರು ಮುರಿಯುವುದಕ್ಕೆ ಮಾರುವವರ ದುರಾಸೆಗಿಂತ ಹಕ್ಕು ಮತ್ತು ದಾಖಲೆಗಳ ನಡುವಿನ ಈ ಅಂತರವೇ ಹೆಚ್ಚು ದಾರಿ ಮಾಡುತ್ತದೆ.

ಕರಾರು ಪತ್ರವನ್ನೇ ನೋಡಿ. ಸರ್ವೆ ನಂಬರು, ಎಕರೆ ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಫಲ ಬಿಡುವ ಮರಗಳು, ಕೊನೆಗೆ ‘ಬಾವಿ ಮತ್ತು ಪಂಪ್‌ಸೆಟ್ಟಿನಲ್ಲಿ ಮೂರನೇ ಒಂದು ಹಿಸ್ಸೆ’. ಅಣ್ಣ ರುಜು ಹಾಕಿರುತ್ತಾನೆ, ತಮ್ಮ ಸಾಕ್ಷಿಯಾಗಿರುತ್ತಾನೆ, ತಂಗಿಯ ಹೆಸರೇ ಇರುವುದಿಲ್ಲ. ನೋಂದಣಿಯ ಹೊತ್ತಿಗೆ ಆಕೆ ವಿಭಾಗದ ದಾವೆ ಹೂಡಿದರೆ ಕ್ರಯ ನಿಂತುಹೋಗುತ್ತದೆ. ತಪ್ಪು ಆಕೆಯದಲ್ಲ, ಆಕೆಯನ್ನು ಕೇಳದೆ ಬರೆದವರದು.

ಆಸ್ತಿ ವರ್ಗಾವಣೆ ಕಾಯಿದೆಯ 54ನೇ ಕಲಮಿನಂತೆ ಕರಾರಿನಿಂದಲೇ ಒಡೆತನ ಬರುವುದಿಲ್ಲ. ಸ್ವಾಧೀನ ಪಡೆದು ಉಳುಮೆ ಮಾಡುತ್ತಿದ್ದವರಿಗೆ 53ಎ ಕಲಮು ಆಸರೆಯಾಗಿತ್ತು. 2001ರ ತಿದ್ದುಪಡಿಯ ನಂತರ ನೋಂದಣಿಯಾಗದ ಕರಾರಿಗೆ ಆ ರಕ್ಷಣೆಯೂ ತಪ್ಪಿತು. ಬರೀ ಛಾಪಾ ಕಾಗದದ ಮೇಲೆ ನಂಬಿಕೆಯಿಟ್ಟ ರೈತರಿಗೆ ಇದು ದೊಡ್ಡ ಪೆಟ್ಟು.

ಕೊಟ್ಟ ಮಾತು ನಡೆಸಿಕೊಡುವಂತೆ ಕೋರಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಇದೆ. ಬಾಕಿ ಹಣದೊಂದಿಗೆ ತಾನು ಸದಾ ಸಿದ್ಧನಿದ್ದೆನೆಂದು ಕೊಳ್ಳುವವನು ರುಜುವಾತು ಮಾಡಬೇಕು. ಆದೇಶ ನೀಡುವುದು ಮೊದಲು ನ್ಯಾಯಾಲಯದ ವಿವೇಚನೆಗೆ ಬಿಟ್ಟಿತ್ತು, 2018ರ ಅಕ್ಟೋಬರ್ 1ರಿಂದ ಆ ವಿವೇಚನೆಗೆ ಬಹುಪಾಲು ತಡೆ ಬಿತ್ತು. ಆದರೆ ರುಜು ಹಾಕದ ಪಾಲುದಾರರನ್ನು ಅಂಥ ಆದೇಶ ಕಟ್ಟಿಹಾಕಲಾರದು. ಮಾರಿದವನ ಹಿಸ್ಸೆ ಮಾತ್ರ ಸಿಕ್ಕರೆ ಕೊಂಡವನು ವಿಭಾಗಕ್ಕೆ ಮತ್ತೆ ದಾವೆ ಹೂಡಬೇಕು. ಅದೂ ಬೇಡವಾದರೆ ಮುಂಗಡ ವಾಪಸು ಕೇಳಬಹುದು. ತಪ್ಪು ಅವನದಲ್ಲದಿದ್ದರೆ ಆ ಹಣಕ್ಕೆ ಮಾರಿದವನ ಪಾಲಿನ ಮೇಲೆ ಋಣಭಾರವಿರುತ್ತದೆ. ಕರಾರು ಜಾರಿಯ ದಾವೆಗೆ ಕಾಲಮಿತಿ 3 ವರ್ಷ: ನೋಂದಣಿಗೆ ಗೊತ್ತುಮಾಡಿದ ದಿನದಿಂದ, ದಿನ ಬರೆದಿಲ್ಲದಿದ್ದರೆ ಮಾರುವವನು ಒಲ್ಲೆನೆಂದದ್ದು ತಿಳಿದ ದಿನದಿಂದ.